ನಂಬರ್ ಕೊಟ್ರೇಶನ ಗೃಹಪ್ರವೇಶ

ಆಂಧ್ರದ ಗಡಿಯ ಆದೋನಿಯಲ್ಲಿ ಬರೀ ಕೊಟ್ರೇಶ ಎಂದು ಕೇಳಿದರೆ ಯಾವ ಕೊಟ್ರೇಶ ಎನ್ನುತ್ತಾರೆ. ನಂಬರ್ ಕೊಟ್ರೇಶ ಎಂದರೆ ಕೈಹಿಡಿದು ಮನೆ ಬಾಗಿಲವರೆಗೂ ಬಿಟ್ಟು ಬರುತ್ತಾರೆ. ಇಪ್ಪತ್ತೆಂಟು ವರ್ಷ ಅವನು ಲಾರಿ, ಟ್ರಾಕ್ಟರು, ಆಟೋ, ಬೈಕುಗಳಿಗೆ ನಂಬರ್ ಪ್ಲೇಟು ಬರೆದವನು. ಅಕ್ಷರ ಬರೆಯುವ ಪೇಂಟರುಗಳು ಊರಲ್ಲಿ ಇನ್ನೂ ನಾಲ್ವರಿದ್ದರು. ಅಂಕಿಯ ವಿಷಯಕ್ಕೆ ಬಂದರೆ ಆ ನಾಲ್ವರೂ ಕುಂಚ ಕೆಳಗಿಟ್ಟು ತನಗೆ ಕೈಮುಗಿಯಬೇಕು ಎಂಬುದು ಕೊಟ್ರೇಶನ ಅಭಿಪ್ರಾಯವಾಗಿತ್ತು, ಆ ನಾಲ್ವರದಲ್ಲ. ಅವನು ಬರೆದ ಎಂಟು ಸೊಂಟ ಬಿಗಿದು ನಿಂತ ಪೈಲ್ವಾನನ ಹಾಗಿರುತ್ತಿತ್ತು. ಹತ್ತಿ ಹೇರಿದ ಲಾರಿ ಧೂಳೆಬ್ಬಿಸಿಕೊಂಡು ಹೋಗುತ್ತಿದ್ದರೆ ಅವನು ಚಹಾದ ಲೋಟ ಬಾಯಿಂದ ತೆಗೆದು, ಅದು ನನ್ನ ಏಳು ಎಂದು ಪಕ್ಕದವನಿಗೆ ತೋರಿಸುತ್ತಿದ್ದ. ಪಕ್ಕದವನು ಯಾರೇ ಆಗಿರಲಿ, ಲಾರಿ ಕಣ್ಮರೆಯಾಗುವವರೆಗೆ ಆ ಏಳನ್ನು ನೋಡಲೇಬೇಕಾಗಿತ್ತು.

ಆಮೇಲೆ ಎಲ್ಲ ಗಾಡಿಗೂ ಅಚ್ಚೊತ್ತಿದ ತಗಡಿನ ಪ್ಲೇಟೇ ಇರಬೇಕೆಂದು ಕಾಯಿದೆ ಬಂತು. ಅಂಗಡಿಗಳ ಬೋರ್ಡನ್ನು ಅಷ್ಟರಲ್ಲಿ ಫ್ಲೆಕ್ಸ್ ನುಂಗಿತ್ತು. ಕೊಟ್ರೇಶನಿಗೆ ಉಳಿದದ್ದು ಕರೆಂಟ್ ಕಂಬದ ನಂಬರು, ನೀರಿನ ಟ್ಯಾಂಕಿನ ನಂಬರು, ಮತ್ತು ಯಾರಾದರೂ ಮನೆ ಕಟ್ಟಿದರೆ ಬಾಗಿಲ ಮೇಲೆ ಬರೆಸುವ ತಾರೀಖು. ಹೆಂಡತಿ ಭುವನಾಳ ಹೊಲಿಗೆ ಮಷಿನ್ನು ಸಂಸಾರ ಎಳೆಯುತ್ತಿತ್ತು. ಅವನ ಕುಂಚಗಳು ಸೀಮೆಎಣ್ಣೆ ಡಬ್ಬಿಯಲ್ಲಿ ತಲೆಕೆಳಗಾಗಿ ನಿಂತು ತಪಸ್ಸು ಮಾಡುತ್ತಿದ್ದವು.

ಇಂಥ ಹೊತ್ತಿನಲ್ಲಿ, ಡಿಗ್ರಿ ಓದುವ ಮಗಳು ಪಲ್ಲವಿ ಅಪ್ಪನ ಹೊಸ ಫೋನಿಗೆ ಒಂದು ಕೀಬೋರ್ಡು ಹಾಕಿಕೊಟ್ಟಳು. ಅದರಲ್ಲಿ ಅಂಕಿ ಒತ್ತಿದರೆ ಸಾದಾ ಅಂಕಿ ಬರುತ್ತಿರಲಿಲ್ಲ. ದಪ್ಪನೆಯದು, ಜೋಡಿಗೆರೆಯದು, ಉಂಗುರದೊಳಗೆ ಕೂತದ್ದು, ಕರಿಬೊಟ್ಟಿನೊಳಗೆ ಬೆಳ್ಳಗೆ ಹೊಳೆಯುವುದು, ಹೀಗೆ ಏಳೆಂಟು ನಮೂನೆ. ಕೊಟ್ರೇಶ ಕನ್ನಡಕ ಒರೆಸಿಕೊಂಡು 𝟙𝟚𝟛 ಎಂದು ಒತ್ತಿ ನೋಡಿದ. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದ, ದೂರ ಹಿಡಿದ. ಕೊನೆಗೆ, ಇದನ್ನು ಮಾಡಿದವನು ಯಾರೋ ಪೇಂಟರನ ಮಗನೇ ಇರಬೇಕು ಎಂದ. ಅಂದಿನಿಂದ ಅವನು ಸಾದಾ ಅಂಕಿಯನ್ನು ಬೆರಳಿನಿಂದ ಮುಟ್ಟಲಿಲ್ಲ. ಹಾಲಿನವಳಿಗೆ ನಾಳೆ ಎರಡು ಲೀಟರ್ ಎಂದು ಹೇಳಿ ಕಳಿಸಬೇಕಾದರೂ ಆ ಎರಡಕ್ಕೆ ಜೋಡಿಗೆರೆ ಹಾಕಿಯೇ ಕಳಿಸುತ್ತಿದ್ದ. ಹಾಲಿನವಳು ಎಷ್ಟು ಹಾಲು ಎಂದು ದಿನಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಆಕೆಗೆ ಓದು ಬಾರದು ಎಂದು ಕೊಟ್ರೇಶ ಮರುಗುತ್ತಿದ್ದ.

ಮೊದಲ ಎಚ್ಚರಿಕೆ ಕಂಪ್ಯೂಟರಿನಿಂದಲೇ ಬಂತು. ಕೌತಾಳಂ ರಸ್ತೆಯ ಹೊಸ ಲೇಔಟಿನಲ್ಲಿ ಕೊಟ್ರೇಶ ಎರಡು ಕೋಣೆಯ ಮನೆ ಕಟ್ಟಿಸಿದ್ದ. ಅದಕ್ಕೊಂದು ಡೋರ್ ನಂಬರ್ ಬೇಕಿತ್ತು. ವಾರ್ಡು ಕಚೇರಿಯ ಹರಿತಾ, ವಿವರ ವಾಟ್ಸಾಪಿಗೆ ಕಳಿಸಿ ಸಾಕು ಎಂದಿದ್ದಳು. ಇವನು ಪ್ಲಾಟಿನ ನಂಬರು, ಅಳತೆ, ಫೋನ್ ನಂಬರು ಎಲ್ಲವನ್ನೂ ಜೋಡಿಗೆರೆಯಲ್ಲಿ ಅಲಂಕರಿಸಿ ಕಳಿಸಿದ. ಆಕೆ ಅದನ್ನು ಹಾಗೇ ಎತ್ತಿ ಕಂಪ್ಯೂಟರಿನ ಖಾನೆಯಲ್ಲಿ ಕೂಡಿಸಿದರೆ ಕಂಪ್ಯೂಟರು ಕೆಂಪಗಾಗಿ, ಇಲ್ಲಿ ಅಂಕಿ ಮಾತ್ರ ತುಂಬಬೇಕು ಎಂದಿತು. ಮೂರು ಸಲ ಮಾಡಿದರೂ ಅದೇ ಮಾತು. ಹರಿತಾ ಅವನನ್ನು ಕರೆಸಿ, ಪರದೆ ತೋರಿಸಿ, ತೆಲುಗಿನಲ್ಲಿ ಮೆತ್ತಗೆ ಹೇಳಿದಳು.

"ಇವಿ ಅಂಕೆಲು ಕಾದಂಡಿ."

ಇವು ಅಂಕಿಗಳಲ್ಲವಂತೆ. ಅಂಕಿಯನ್ನೇ ಉಂಡು ಅಂಕಿಯನ್ನೇ ಉಟ್ಟ ಮನುಷ್ಯನಿಗೆ, ನಿನ್ನೆ ಮೊನ್ನೆ ಕೆಲಸಕ್ಕೆ ಬಂದ ಹುಡುಗಿಯಿಂದ ಈ ಮಾತು. ಆಕೆ ಪಾಪ, ಕಂಪ್ಯೂಟರಿಗೆ ಇವು ಅಂಕಿಯ ಹಾಗೆ ಕಾಣುವ ಬೇರೆ ಯಾವುದೋ ಗುರುತುಗಳು, ಕೆಲವು ಫೋನಿನಲ್ಲೂ ಕಾಣುವುದಿಲ್ಲ ಎಂದು ವಿವರಿಸುತ್ತಿದ್ದಳು. ಕೊಟ್ರೇಶ ಕೇಳಿಸಿಕೊಳ್ಳಲಿಲ್ಲ. ಕಂಪ್ಯೂಟರಿಗೆ ಕಲೆಯ ಗಂಧ ಇಲ್ಲ, ನೀನೇನು ಮಾಡುತ್ತೀ ತಾಯಿ ಎಂದು ಆಕೆಯನ್ನೇ ಸಮಾಧಾನ ಮಾಡಿ ಬಂದ. ಹರಿತಾ ಎಲ್ಲ ಅಂಕಿಗಳನ್ನೂ ಕೈಯಿಂದ ಮತ್ತೆ ಒತ್ತಿ ಮನೆ ನಂಬರು ಕೊಟ್ಟಳು. ಮನೆ ಪ್ರವೇಶ ಮುಗಿದ ಮೇಲೆ ಬಂದು ನೋಡಿ ತಾರೀಖು ಬರೆದುಕೊಂಡು ಹೋಗುತ್ತೇನೆ ಎಂದಳು.

ಪಂಚಾಂಗ ನೋಡಿ ಪ್ರವೇಶದ ದಿನ ಗೊತ್ತು ಮಾಡಿದವರು ಪಂಚಾಕ್ಷರಯ್ಯನವರು. ಫೆಬ್ರವರಿ ಹದಿನಾಲ್ಕು, ಬುಧವಾರ, ಪಂಚಮಿ, ಬೆಳಿಗ್ಗೆ ಏಳು ನಲವತ್ತಕ್ಕೆ ಹಾಲುಕ್ಕಬೇಕು. ತುಂಬಿದ ಕೊಡ ಹೊತ್ತು ಮೊದಲು ಹೊಸಿಲು ದಾಟುವವಳು, ಒಲೆಯ ಮೇಲೆ ಹಾಲಿಡುವವಳು ಆ ಮನೆತನದಲ್ಲಿ ಹುಟ್ಟಿ ಮದುವೆಯಾಗಿ ಹೋದ ಮನೆಮಗಳೇ ಆಗಬೇಕು. ಇದು ಅಯ್ಯನವರು ಹೇಳದಿದ್ದರೂ ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಕೊಟ್ರೇಶನಿಗೆ ಇದ್ದವಳು ಒಬ್ಬಳೇ ಅಕ್ಕ, ಗಂಗಕ್ಕ. ಅವಳು ಹಾಲಹರವಿ ಕಡೆ ಕುರಿ ಸಾಕುವ ಕೆಂಚಣ್ಣನ ಹೆಂಡತಿ, ಇನ್ನೂರು ಕುರಿಗಳ ಯಜಮಾನಿ. ಎಂಟು ವರ್ಷದಿಂದ ತಮ್ಮನ ಮನೆಯ ಹೊಸಿಲು ತುಳಿದಿರಲಿಲ್ಲ.

ಕಾರಣ ದೊಡ್ಡದೇನಲ್ಲ, ಹಾಗಾಗಿಯೇ ಅದು ಎಂಟು ವರ್ಷ ಬಾಳಿತು. ಪಲ್ಲವಿ ದೊಡ್ಡವಳಾದಾಗ ಆರತಿಯ ದಿನವನ್ನು ಕೊಟ್ರೇಶ ಅಕ್ಕನನ್ನು ಕೇಳದೆ ಇಟ್ಟುಬಿಟ್ಟಿದ್ದ. ಅದೇ ವಾರ ಅವರಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ಕೆಲಸ. ಮನೆಮಗಳನ್ನು ಕೇಳದೆ ದಿನ ಇಡುವ ಮನೆಗೆ ನಾನು ಯಾವ ದಿನ ಬಂದರೇನು, ಬಾರದಿದ್ದರೇನು ಎಂದು ಗಂಗಕ್ಕ ಫೋನು ಇಟ್ಟಳು. ಕೊಟ್ರೇಶ ಹೋಗಿ ಕಾಲು ಹಿಡಿದಿದ್ದರೆ ಅಂದೇ ಮುಗಿಯುತ್ತಿತ್ತು. ಅವನು ನಾಳೆ ಹೋಗುತ್ತೇನೆ ಎಂದ. ಆ ನಾಳೆ ಇನ್ನೂ ಬಂದಿರಲಿಲ್ಲ.

ಭುವನಾ ಈ ಸಲ ಕಡ್ಡಿ ಮುರಿದ ಹಾಗೆ ಹೇಳಿದಳು. ಕುಂಕುಮದ ಬಟ್ಟಲು ಹಿಡಿದು ಹಾಲಹರವಿ ಬಸ್ಸು ಹತ್ತಿ, ಅಕ್ಕನನ್ನು ಕೇಳಿ ದಿನ ಇಡಿ, ಆಮೇಲೆ ಉಳಿದವರಿಗೆ ಹೇಳೋಣ ಎಂದಳು. ಕೊಟ್ರೇಶ ಬಸ್ ಸ್ಟ್ಯಾಂಡಿನವರೆಗೆ ಹೋದದ್ದು ನಿಜ. ಅಲ್ಲಿ ಒಂದು ಚಹಾ ಕುಡಿದ. ಅಕ್ಕ ಬಾಗಿಲಲ್ಲೇ ಏನೇನು ಅನ್ನಬಹುದು ಎಂಬುದೆಲ್ಲ ಅವಳ ದನಿಯಲ್ಲೇ ಕಿವಿಯಲ್ಲಿ ಕೇಳಿಸಿತು. ಇನ್ನೊಂದು ಚಹಾ ಕುಡಿದು, ಬೆಂಚಿನ ಮೇಲೆ ಕೂತು, ಫೋನು ತೆಗೆದ. ಇಷ್ಟು ಚೆಂದದ ಆಹ್ವಾನ ನೋಡಿದರೆ ಯಾವ ಅಕ್ಕನ ಮನಸ್ಸು ಕರಗದು ಎಂದುಕೊಂಡ.

ಮನೆ ಪ್ರವೇಶಕ್ಕೆ ಸಕುಟುಂಬ ಪರಿವಾರ ಸಮೇತ ಬರಬೇಕು ಎಂದು ಬರೆದು, ಕೆಳಗೆ ತಾರೀಖು, ಗಂಟೆ, ಮನೆ ನಂಬರು, ಫೋನ್ ನಂಬರು ಎಲ್ಲವನ್ನೂ ತನ್ನ ಮೆಚ್ಚಿನ ಜೋಡಿಗೆರೆಯಲ್ಲಿ ಹಾಕಿದ. ವಾರದ ಹೆಸರು ಬರೆಯಲಿಲ್ಲ. ಬುಧವಾರ ಎಂಬುದರಲ್ಲಿ ಅಂಕಿ ಇಲ್ಲ, ಅಂಕಿ ಇಲ್ಲದ್ದರಲ್ಲಿ ಅವನಿಗೆ ಆಸಕ್ತಿಯೂ ಇಲ್ಲ. ಮೊದಲು ಅಕ್ಕನಿಗೆ ಕಳಿಸಿದ. ಆಮೇಲೆ ನೆಂಟರಿಷ್ಟರು ಅರವತ್ತು ಮಂದಿಗೆ ಕಳಿಸಿದ. ಮನೆಗೆ ಬಂದು ಏಣಿ ಹಾಕಿ, ಹೊಸ ಮನೆಯ ಬಾಗಿಲ ಮೇಲೆ, ಜೀವನದಲ್ಲೇ ಬರೆಯದಷ್ಟು ಚೆಂದದ ಹದಿನಾಲ್ಕನ್ನು ಮೂರು ಬಣ್ಣದ ನೆರಳು ಕೊಟ್ಟು ಬರೆದ. ಪಕ್ಕದಲ್ಲಿ ತಿಂಗಳು, ಇಸವಿ. ಬೀದಿಯ ಆಚೆ ನಿಂತು ನೋಡಿದ, ಈಚೆ ನಿಂತು ನೋಡಿದ. ಪಕ್ಕದ ಮನೆಯ ಶಾಮಿಯಾನದ ಗೋವಿಂದನನ್ನು ಕರೆದು ಅವನಿಗೂ ತೋರಿಸಿದ.

ಅರವತ್ತು ಮಂದಿಯಲ್ಲಿ ಮುಕ್ಕಾಲು ಪಾಲು ಕೈಮುಗಿದ ಗುರುತು ಕಳಿಸಿ, ತಪ್ಪದೆ ಬರುತ್ತೇವೆ ಎಂದರು. ಗಂಗಕ್ಕನಿಂದ ಎರಡು ನೀಲಿ ಗೆರೆ ಬಂದವು. ಅಷ್ಟೇ. ಕೊಟ್ರೇಶ ದಿನಕ್ಕೆ ಇಪ್ಪತ್ತು ಸಲ ಆ ನೀಲಿ ಗೆರೆ ನೋಡುತ್ತಿದ್ದ. ಓದಿದ್ದಾಳೆ. ಓದಿ ಸುಮ್ಮನಿದ್ದಾಳೆ. ಇದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಹತ್ತನೇ ತಾರೀಖು, ಶನಿವಾರ, ಬೆಳಿಗ್ಗೆ ಒಂಬತ್ತಕ್ಕೆ ಕೌತಾಳಂನಿಂದ ಕೊಟ್ರೇಶನ ಸೋದರಮಾವ ತಿಪ್ಪೇಶ ಬಂದಿಳಿದ. ಇಸ್ತ್ರಿ ಮಾಡಿದ ಅಂಗಿ, ಹೊಸ ಟವೆಲ್ಲು, ಬಗಲಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಶಾಮಿಯಾನ ಎಲ್ಲಿ, ಅಡುಗೆ ಎಲ್ಲಿ ಎಂದು ಸುತ್ತ ನೋಡಿದ. ಕೊಟ್ರೇಶ, ಪ್ರವೇಶಕ್ಕೆ ಇನ್ನೂ ನಾಲ್ಕು ದಿನ ಐತಲ್ಲ ಮಾವ ಎಂದದ್ದಕ್ಕೆ ತಿಪ್ಪೇಶ ಫೈಲು ಬಿಚ್ಚಿ ಒಂದು ಹಾಳೆ ಕೈಗಿಟ್ಟ. ಅದು ಕೊಟ್ರೇಶನದೇ ಆಹ್ವಾನ. ಜೆರಾಕ್ಸ್ ಅಂಗಡಿಯಲ್ಲಿ ಫೋನಿನಿಂದ ತೆಗೆಸಿದ ಪ್ರಿಂಟು. ಅಂಕಿ ಇರಬೇಕಾದಲ್ಲೆಲ್ಲ ಪುಟ್ಟ ಪುಟ್ಟ ಚೌಕಗಳು.

ತಾರೀಖು □□ ಫೆಬ್ರವರಿ, ಬೆಳಿಗ್ಗೆ □-□□ ಗಂಟೆಗೆ.

ತಿಪ್ಪೇಶ ಆ ಚೌಕಗಳಲ್ಲಿ, ಒಂದು ಚೌಕಕ್ಕೆ ಒಂದೇ ಅಂಕಿಯಂತೆ, ಗೆರೆ ದಾಟದ ಹಾಗೆ, ನೀಲಿ ಪೆನ್ನಿನಲ್ಲಿ ಹತ್ತನೇ ತಾರೀಖು, ಒಂಬತ್ತು ಗಂಟೆ ಎಂದು ತುಂಬಿದ್ದ. ಮನೆ ನಂಬರಿನ ಚೌಕಗಳಲ್ಲಿ ತನ್ನ ಮನೆ ನಂಬರು ಬರೆದಿದ್ದ. ಫೋನಿನ ಹತ್ತು ಚೌಕಗಳಲ್ಲಿ ತನ್ನ ಫೋನ್ ನಂಬರು. ಕೆಳಗೆ ಸಹಿ, ಸಹಿಯ ಪಕ್ಕ ಹೆಬ್ಬೆಟ್ಟು. ಹಿಂದೆ ಪಿನ್ನು ಹೊಡೆದು ಆಧಾರ್ ಜೆರಾಕ್ಸು, ಎರಡು ಫೋಟೋ.

ಅವನ ತಪ್ಪೇನೂ ಇಲ್ಲ. ಬೆಳೆ ನೋಂದಣಿ, ಪಿಂಚಣಿ, ರೇಷನ್ನು, ಹತ್ತು ವರ್ಷದಿಂದ ಅವನ ಕೈಗೆ ಬಂದ ಕಾಗದವೆಲ್ಲ ಚೌಕಗಳದ್ದೇ. ಚೌಕ ಕಂಡರೆ ತುಂಬಬೇಕು, ತುಂಬಿದ್ದನ್ನು ಕೈಗೆ ಕೊಡಬೇಕು, ಕೊಟ್ಟದ್ದಕ್ಕೆ ರಶೀದಿ ಕೇಳಬೇಕು. ಈಗ ಮದುವೆ ಮುಂಜಿಗೂ ಅರ್ಜಿ ಬಂದಿದೆ ಎಂದು ಅವನಿಗೆ ಸ್ವಲ್ಪ ಬೇಸರವಾಗಿತ್ತು. ಆದರೂ ದಿನವನ್ನು ಬರುವವರ ಅನುಕೂಲಕ್ಕೇ ಬಿಟ್ಟಿದ್ದಾನೆ, ಅಳಿಯನಿಗೆ ಮರ್ಯಾದೆ ಗೊತ್ತು ಎಂದು ಹೆಮ್ಮೆಯೂ ಆಗಿತ್ತು.

"ಇದನ್ನ ತಗೋ ಅಳಿಯಾ," ಎಂದ. "ಸಕಾಲಕ್ಕ ಕೊಟ್ಟೀನಿ ಅಂತ ಒಂದು ಸೈ ಹಾಕಿ ನನಗೊಂದು ಕಾಪಿ ಕೊಡು. ಆಮ್ಯಾಲ ಬಂದಿಲ್ಲ ಅಂತ ಬರೀಬ್ಯಾಡ."

ಕೊಟ್ರೇಶ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. ಬಹಳ ಹೊತ್ತು ಯೋಚಿಸಿ, ಜೆರಾಕ್ಸ್ ಮಷಿನ್ನಿನ ಮಸಿ ಅಂಕಿಯ ಹತ್ತಿರ ಬಂದಾಗ ಮುಗಿದಿರಬೇಕು ಎಂಬ ತೀರ್ಮಾನಕ್ಕೆ ಬಂದ. ಮಾವನಿಗೆ ಸೈ ಹಾಕಿಕೊಟ್ಟು, ಊಟ ಹಾಕಿಸಿ, ಬಸ್ಸಿಗೆ ಕೂಡಿಸಿ ಬಂದ. ಆದರೂ ಮನಸ್ಸಿನಲ್ಲಿ ಒಂದು ಹುಳ ಹೊಕ್ಕಿತ್ತು. ಎಲ್ಲರಿಗೂ ಇನ್ನೊಂದು ಸಲ ನೆನಪಿಸುವುದು ಒಳ್ಳೆಯದು ಎಂದು, ಸರಿಯಾದ ತಾರೀಖು ಗಮನಿಸಬೇಕಾಗಿ ವಿನಂತಿ ಎಂದು ಬರೆದು, ಈ ಸಲ ಎದ್ದು ಕಾಣಲಿ ಅಂತ ಕರಿಬೊಟ್ಟಿನೊಳಗೆ ಕೂತ ಅಂಕಿಗಳನ್ನು ಒತ್ತಿ, ಅಕ್ಕನಿಂದ ಹಿಡಿದು ಅರವತ್ತೊಂದೂ ಮಂದಿಗೆ ಕಳಿಸಿದ.

ಆ ಅರವತ್ತೊಂದು ಮಂದಿಯಲ್ಲಿ ಹೆಚ್ಚಿನವರ ಕೈಯಲ್ಲಿದ್ದದ್ದು ಮಕ್ಕಳು ಬಳಸಿ ಬಿಟ್ಟ ಹಳೇ ಫೋನು. ಅವರಿಗೆ ಇದೂ ಖಾಲಿ ಚೌಕಗಳಾಗಿಯೇ ಮುಟ್ಟಿತು. ಮೊದಲು ಬಂದದ್ದು ಅರ್ಜಿ, ಅದನ್ನು ಮನಸ್ಸಿನಲ್ಲೇ ತುಂಬಿಕೊಂಡಿದ್ದರು. ಈಗ ಎರಡನೇ ಅರ್ಜಿ ಬಂದಿದೆ ಎಂದರೆ ಮೊದಲು ಆರಿಸಿಕೊಂಡ ದಿನ ಪಾಸಾಗಿಲ್ಲ ಎಂದೇ ಅರ್ಥ. ಬುಧವಾರ ಬರೋಣ ಎಂದುಕೊಂಡಿದ್ದವರು ಕೂಡ ಬೇರೆ ದಿನ ಹುಡುಕಿದರು.

ಭಾನುವಾರ ಹನ್ನೊಂದು ಮಂದಿ ಬಂದರು, ರಜೆಯ ದಿನ ಎಂದು. ಸೋಮವಾರ ಉರುಕುಂದಮ್ಮ ಎಂಬ ದೊಡ್ಡಮ್ಮ ಒಂದು ಆಟೋ ತುಂಬ ಹೆಂಗಸರನ್ನು ಕಟ್ಟಿಕೊಂಡು ಬಂದಳು, ದೇವರ ವಾರ ಎಂದು. ಮಂಗಳವಾರ ಯಾರೂ ಬರಲಿಕ್ಕಿಲ್ಲ ಎಂದು ಭುವನಾ ಉಸಿರು ಬಿಟ್ಟಳು. ಮಂಗಳವಾರ ಬೇರೆ ಯಾರೂ ಬರುವುದಿಲ್ಲ, ನೂಕುನುಗ್ಗಲು ಇರುವುದಿಲ್ಲ ಎಂದು ಲೆಕ್ಕ ಹಾಕಿದ ಹದಿನಾಲ್ಕು ಮಂದಿ ಬಂದರು. ಬಂದವರೆಲ್ಲ ಗೋಡೆ ಗಡಿಯಾರ ತಂದರು. ಬಂದವರಿಗೆಲ್ಲ ಹಾಲುಕ್ಕುವುದು ನೋಡಬೇಕು. ಅವಧಿಗೆ ಮೊದಲೇ ಹಾಲುಕ್ಕಿಸಿದರೆ ಪ್ರವೇಶ ಆಗಿಯೇ ಹೋಯಿತು, ನನ್ನನ್ನು ಕರೆಯಬೇಡಿ ಎಂದು ಪಂಚಾಕ್ಷರಯ್ಯನವರು ಫೋನಿನಲ್ಲೇ ಗುಡುಗಿದರು. ಕೊನೆಗೆ ಗೋವಿಂದನ ಅಡುಗೆಮನೆಯಲ್ಲಿ, ಗೋವಿಂದನ ಪಾತ್ರೆಯಲ್ಲಿ, ಗೋವಿಂದನದೇ ಹಾಲು ಉಕ್ಕಿಸಿ ತೋರಿಸಿ ಕಳಿಸಿದರು. ಹಾಗೆ ಆ ಹಳೇ ಮನೆಯಲ್ಲಿ ವಾಸವಿದ್ದ ಗೋವಿಂದನ ಗೃಹಪ್ರವೇಶ ಒಂದೇ ವಾರದಲ್ಲಿ ಮೂರು ಸಲ ಆಯಿತು. ಅವನ ಹೆಂಡತಿಗೆ ಆರತಿ ತಟ್ಟೆಯ ಕಾಣಿಕೆ ಎಂದು ಎರಡು ಕುಪ್ಪಸದ ಬಟ್ಟೆಯೂ ಬಂದವು.

ವಿಷಯ ಏನೆಂದು ಪಲ್ಲವಿ ಕೊನೆಗೆ ಮಂಗಳವಾರ ಕಂಡುಹಿಡಿದಳು. ಬಂದವರ ಫೋನುಗಳನ್ನು ಸಾಲಾಗಿ ಇಟ್ಟು ನೋಡಿ, ಹಳೇ ಫೋನುಗಳಿಗೆ ಈ ಅಂಕಿಗಳ ಪರಿಚಯ ಇಲ್ಲ, ಪರಿಚಯ ಇಲ್ಲದ್ದನ್ನು ಅವು ಚೌಕ ಮಾಡಿ ತೋರಿಸುತ್ತವೆ ಎಂದು ಅಪ್ಪನಿಗೆ ತಿಳಿಸಿ ಹೇಳಿದಳು. ಹರಿತಾ ಹೇಳಿದ್ದೂ ಇದನ್ನೇ ಎಂದು ಕೊಟ್ರೇಶನಿಗೆ ಆಗ ಹೊಳೆಯಿತು. ಭುವನಾ ಕೂತಲ್ಲೇ ನಲವತ್ತು ಮಂದಿಗೆ ಫೋನು ಮಾಡಿದಳು. ಬಂದು ಹೋದವರು ಬಂದು ಹೋದೆವಲ್ಲ ಎಂದರು. ಉಳಿದವರು ಮೆಣಸಿನಕಾಯಿ ಒಣಗಲು ಹಾಕಿದ್ದೇವೆ, ಹತ್ತಿ ಬಿಡಿಸುತ್ತಿದ್ದೇವೆ, ನಾವು ಬೇರೆ ದಿನ ತುಂಬಿದ್ದೆವು ಎಂದರು.

ಗಂಗಕ್ಕನಿಗೆ ಮಾತ್ರ ಯಾರೂ ಮಾಡಲಿಲ್ಲ. ಅದು ಕೊಟ್ರೇಶನ ಕೆಲಸ ಎಂದು ಭುವನಾ ಫೋನನ್ನು ಅವನ ಕೈಗೇ ಕೊಟ್ಟಳು. ಅವನು ನಂಬರು ಒತ್ತಿದ, ಗಂಟೆ ಬಾರಿಸುವ ಮೊದಲೇ ಕತ್ತರಿಸಿದ. ಹದಿನಾಲ್ಕು ಎಂದು ಹೇಳಿದರೆ, ಈ ಸಲವೂ ನನ್ನನ್ನು ಕೇಳದೆ ಇಟ್ಟೆಯಲ್ಲ ಎಂಬ ಮಾತು ಬರುತ್ತದೆ. ಹೇಳದಿದ್ದರೆ ಅವಳು ಬರುವುದಿಲ್ಲ. ಅಕ್ಕನ ಮಗ ಬಳ್ಳಾರಿಯಲ್ಲಿದ್ದಾನೆ, ಅವಳಿಗೆ ಹೊಸ ಫೋನೇ ಕೊಡಿಸಿರಬೇಕು, ಅವಳಿಗೆ ಕಂಡಿರುತ್ತದೆ ಎಂದು ತನ್ನಷ್ಟಕ್ಕೆ ಹೇಳಿಕೊಂಡ. ನಂಬಿಕೆ ಬರಲಿಲ್ಲ.

ಹದಿನಾಲ್ಕನೇ ತಾರೀಖು ಬೆಳಗಾಯಿತು. ಗೋವಿಂದನ ಶಾಮಿಯಾನದ ಕೆಳಗೆ ಇನ್ನೂರು ಖಾಲಿ ಕುರ್ಚಿ. ಮನೆಯ ಮೂವರು, ಗೋವಿಂದ, ಪಂಚಾಕ್ಷರಯ್ಯನವರು, ಮತ್ತು ನಾಗಲದಿನ್ನೆಯಿಂದ ಬಂದ ಭುವನಾಳ ತಮ್ಮ ನಾಗೇಶ. ನಾಗೇಶನದು ಹೊಸ ಫೋನು. ಆಹ್ವಾನದಲ್ಲಿ ಇದ್ದದ್ದು ಇದ್ದ ಹಾಗೇ ಅವನಿಗೆ ಕಂಡಿತ್ತು. ನಸುಕಿನಲ್ಲೇ ಎದ್ದು, ಎರಡು ಬಸ್ಸು ಬದಲಿಸಿ, ಸರಿಯಾದ ದಿನ, ಸರಿಯಾದ ಹೊತ್ತಿಗೆ ಬಂದ ಒಬ್ಬನೇ ನೆಂಟ ಅವನು. ಖಾಲಿ ಕುರ್ಚಿಗಳನ್ನು ನೋಡಿ ತಾನೇ ತಪ್ಪಿ ಬಂದೆನೇನೋ ಎಂದು ಹೆದರಿ, ಬಾಗಿಲ ಮೇಲಿನ ತಾರೀಖನ್ನು ಮೂರು ಸಲ ಓದಿದ.

ಏಳು ಇಪ್ಪತ್ತಾಯಿತು. ಕೊಡ ತುಂಬಿ ಹೂವು ಸುತ್ತಿ ಹೊಸಿಲ ಮುಂದಿಟ್ಟಿತ್ತು. ಕೊಟ್ರೇಶ ರಸ್ತೆಯ ಕಡೆ ನೋಡುತ್ತ ನಿಂತಿದ್ದ. ಅಯ್ಯನವರು ಮನೆಮಗಳು ಎಲ್ಲಿ ಎಂದರು, ಬರ್ತಾಳೆ ಎಂದ. ಮತ್ತೆ ಕೇಳಿದರು, ಮತ್ತೆ ಬರ್ತಾಳೆ ಎಂದ. ಮೂರನೇ ಸಲ ಅವರು ಕೇಳಲಿಲ್ಲ, ಭುವನಾಳಿಗೇ ಕೊಡ ಹೊರು ತಾಯಿ ಎಂದರು. ಭುವನಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಗ ಕೊಟ್ರೇಶನ ಫೋನು ಕುಂಯ್ ಎಂದಿತು.

ಗಂಗಕ್ಕ ಅಕ್ಷರ ಒತ್ತುವವಳಲ್ಲ, ದನಿ ಕಳಿಸಿದ್ದಳು. ಕೊಟ್ರೇಶ ಒತ್ತಿದ. ಎಂಟು ವರ್ಷದ ಮೇಲೆ ಅಕ್ಕನ ದನಿ ಶಾಮಿಯಾನದ ತುಂಬ ಕೇಳಿಸಿತು. ಹಿಂದೆ ಕುರಿಗಳು ಒದರುತ್ತಿದ್ದವು.

"ಕೊಟ್ರ್ಯಾ, ನೀ ಕಳಿಸಿದ್ದು ಮುಟ್ಟೇತಿ. ದಿನಾ ನನಗ ಬಿಟ್ಟೀದಿ, ತಾಸೂ ನನಗ ಬಿಟ್ಟೀದಿ. ಒಂದ ಸಲ ಕೇಳಿದ್ದಾಗ ಬಾಯಿಮಾತಿಗಿ ಕೇಳ್ಯಾನ ಅಂತ ಸುಮ್ಮನಿದ್ದೆ. ಎರಡನೇ ಸಲಾನೂ ಕೇಳೀದಿ. ಹತ್ತೊಂಬತ್ತು, ಸೋಮವಾರ, ಹತ್ತೂವರಿಗಿ. ಉಣ್ಣಿ ಕತ್ತರಿಸೋದು ಅಷ್ಟರಾಗ ಮುಗೀತೈತಿ. ನಾ ಬರೋತನ ಹಾಲು ಒಲಿ ಮ್ಯಾಲ ಇಡಬ್ಯಾಡ."

ಅಯ್ಯನವರು ಕೈಗಡಿಯಾರ ನೋಡಿಕೊಂಡು, ಇನ್ನು ಹದಿನೈದು ನಿಮಿಷ, ಇಂಥ ಪಂಚಮಿ ಬೇಕೆಂದಾಗ ಸಿಗುವುದಿಲ್ಲ ಎಂದರು. ಗೋವಿಂದ ಕುರ್ಚಿಗಳನ್ನು ಎಣಿಸುವವನ ಹಾಗೆ ಆಚೆ ತಿರುಗಿದ. ಫೋನು ಮಾಡಿ ಇದ್ದದ್ದು ಹೇಳಿಬಿಡಿ, ಫೋನಿನ ತಪ್ಪಿಗೆ ನೀವು ಏನು ಮಾಡುತ್ತೀರಿ ಎಂದು ನಾಗೇಶ ನ್ಯಾಯ ಹೇಳಿದ. ಅದು ನ್ಯಾಯವೇ ಆಗಿತ್ತು. ಕಷ್ಟದ ತೀರ್ಮಾನವನ್ನೆಲ್ಲ ನಾಳೆಗೆ ತಳ್ಳಿಯೇ ಗೊತ್ತಿದ್ದ ಕೊಟ್ರೇಶ ಒಮ್ಮೆ ಕೊಡದ ಕಡೆ, ಒಮ್ಮೆ ಹೆಂಡತಿಯ ಕಡೆ ನೋಡಿದ. ಭುವನಾ ಸಿಕ್ಕಿಸಿದ ಸೆರಗನ್ನು ಬಿಚ್ಚಿದಳು.

"ಅಯ್ಯನೋರ, ಇವತ್ತು ಹಾಲು ಉಕ್ಕೂದಿಲ್ಲ," ಎಂದ ಕೊಟ್ರೇಶ. "ದಿನಾ ನಮ್ಮಕ್ಕ ಇಟ್ಟಾಳ."

ಅಯ್ಯನವರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನೀನು ಇಟ್ಟದ್ದು ಆಯಿತು, ನಾನು ಇಟ್ಟದ್ದು ಆಯಿತು, ಇನ್ನು ಹಾಲಹರವಿಯ ಕುರಿಗಳು ಮುಹೂರ್ತ ಇಡಲಿ ಎಂದು ಪಂಚಾಂಗ ಮಡಚಿ ಎದ್ದರು. ಚಪ್ಪಲಿ ಮೆಟ್ಟಿಕೊಳ್ಳುವಾಗ ಏನನ್ನಿಸಿತೋ, ನಿಂತಲ್ಲೇ ಪಂಚಾಂಗ ಬಿಚ್ಚಿ ಹತ್ತೊಂಬತ್ತರ ಮೇಲೆ ಬೆರಳಾಡಿಸಿದರು. ಮೂಗಿನಲ್ಲೇ ಹ್ಞೂಂ ಎಂದರು. ಸೋಮವಾರ, ದಶಮಿ, ನಕ್ಷತ್ರ ಕೆಟ್ಟದ್ದೇನಲ್ಲ ಎಂದು, ಅದೂ ತಮ್ಮದೇ ಯೋಚನೆ ಎಂಬ ಹಾಗೆ ಹೇಳಿ ಹೊರಟರು. ಸರಿಯಾದ ದಿನ ಬಂದದ್ದಕ್ಕೆ ನಾನೊಬ್ಬನೇ ತಪ್ಪಿತಸ್ಥ ಆದೆನಲ್ಲ ಭಾವ ಎಂದು ನಾಗೇಶ ಬಸ್ ಸ್ಟ್ಯಾಂಡಿನವರೆಗೂ ಅನ್ನುತ್ತಲೇ ಹೋದ.

ಎಲ್ಲರೂ ಹೋದ ಮೇಲೆ ಕೊಟ್ರೇಶ ಏಣಿ ಹಾಕಿದ. ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿ, ಬಾಗಿಲ ಮೇಲಿನ ಆ ಹದಿನಾಲ್ಕನ್ನು ಒರೆಸತೊಡಗಿದ. ಒಂದು ಬೇಗ ಹೋಯಿತು. ನಾಲ್ಕು ಹೋಗಲಿಕ್ಕೆ ಹೊತ್ತು ಹಿಡಿಯಿತು, ಅದರ ನೆರಳಿಗೆ ಮೂರು ಬಣ್ಣ ಹಾಕಿದ್ದ. ಅವನ ಕಣ್ಣಲ್ಲಿ ನೀರು ಬಂತು. ಟರ್ಪೆಂಟೈನಿನ ಘಾಟು ಎಂದು ಕೆಳಗೆ ಏಣಿ ಹಿಡಿದಿದ್ದ ಪಲ್ಲವಿಗೆ ಹೇಳಿದ. ತಿಂಗಳು, ಇಸವಿ ಹಾಗೇ ಉಳಿದವು. ಅವುಗಳ ಮುಂದೆ, ಅಂಕಿ ಇದ್ದ ಜಾಗದಲ್ಲಿ, ಸುಣ್ಣ ಬಳಿದು ಎರಡು ಚೌಕ ಗೆರೆ ಎಳೆದು ಇಳಿದ.

ಮರುದಿನ ಅವನು ಹಾಲಹರವಿಗೆ ಹೋಗಲಿಲ್ಲ. ಧೈರ್ಯ ಒಂದೇ ವಾರದಲ್ಲಿ ಎರಡು ಸಲ ಬರುವ ವಸ್ತುವಲ್ಲ. ಆದರೆ ಉಳಿದ ಊರುಗಳಿಗೆಲ್ಲ ಬಸ್ಸಿನಲ್ಲಿ ಹೋಗಿ ಕುಂಕುಮ ಕೊಟ್ಟು, ಬಾಯಿಂದ ತಾರೀಖು ಹೇಳಿ ಬಂದ. ತಿಪ್ಪೇಶ ಮಾವ, ನನ್ನ ಅರ್ಜಿಗೆ ಉತ್ತರ ಬಂತೇನು ಎಂದು ಕೇಳಿದ. ಮಂಜೂರಾಗಿದೆ ಎಂದು ಕೊಟ್ರೇಶ ಹೇಳಿದ.

ಹತ್ತೊಂಬತ್ತರ ಬೆಳಿಗ್ಗೆ ಹತ್ತಕ್ಕೆ ಲೇಔಟಿನ ತಿರುವಿನಲ್ಲಿ ಟ್ರಾಕ್ಟರು ಕಾಣಿಸಿತು. ಟ್ರೇಲರಿನಲ್ಲಿ ಮೂವತ್ತು ಮಂದಿ, ನಡುವೆ ಕರಿ ಕಂಬಳಿಯ ಗಂಟಿನ ಮೇಲೆ ಕೂತ ಗಂಗಕ್ಕ. ಇಳಿದವಳು ತಮ್ಮನನ್ನು ಕಾಲಿಂದ ತಲೆಯವರೆಗೆ ನೋಡಿದಳು. ಬಡವಾಗಿದ್ದೀ ಎಂದಳು. ಆಮೇಲೆ ಅವಳ ಕಣ್ಣು ಬಾಗಿಲ ಮೇಲಿನ ಎರಡು ಖಾಲಿ ಚೌಕಗಳ ಮೇಲೆ ನಿಂತಿತು. ಇದ್ಯಾಕೆ ಖಾಲಿ ಬಿಟ್ಟೀದಿ, ಅಂಕಿ ಬರೆಯುವವನ ಮನೆಗೇ ಅಂಕಿ ಇಲ್ಲವೇನು ಎಂದು ಕೇಳಿದಳು.

ಕೊಟ್ರೇಶ ಬಣ್ಣದ ಡಬ್ಬಿಯನ್ನೂ ಕುಂಚವನ್ನೂ ಅವಳ ಮುಂದೆ ಹಿಡಿದ. ಇಪ್ಪತ್ತೆಂಟು ವರ್ಷದಲ್ಲಿ ಆ ಕುಂಚವನ್ನು ಅವನು ಇನ್ನೊಬ್ಬರ ಕೈಗೆ ಕೊಟ್ಟದ್ದಿಲ್ಲ.

"ಕುರಿ ಬೆನ್ನಿಗಿ ಗುರುತು ಹಾಕೋ ಕೈ ಇದು, ತಿಳೀತಿಲ್ಲೋ," ಎಂದಳು ಗಂಗಕ್ಕ.

ಆದರೂ ಸೀರೆ ಮೇಲೆ ಕಟ್ಟಿ ಏಣಿ ಹತ್ತಿದಳು. ಕೆಂಚಣ್ಣ ಒಂದು ಕಡೆ, ಗೋವಿಂದ ಒಂದು ಕಡೆ ಏಣಿ ಹಿಡಿದರು. ಒಂದು ಚೌಕದಲ್ಲಿ ಒಂದು ಬರೆದಳು, ಅದು ಕಾಲು ಜಾರಿದವನ ಹಾಗೆ ಎಡಕ್ಕೆ ವಾಲಿತು. ಇನ್ನೊಂದರಲ್ಲಿ ಒಂಬತ್ತು ಬರೆದಳು, ಅದರ ಬಾಲ ಚೌಕ ದಾಟಿ ಗೋಡೆಯ ಮೇಲೆ ಇಳಿದು, ಒಂದು ಹನಿ ಬಾಗಿಲ ಚೌಕಟ್ಟಿನವರೆಗೂ ಹರಿಯಿತು. ಕೆಳಗೆ ನಿಂತ ಕೊಟ್ರೇಶನ ಬಲಗೈ ತಂತಾನೇ ಎರಡು ಸಲ ಮೇಲೆದ್ದಿತು, ಭುವನಾ ಎರಡು ಸಲವೂ ಹಿಡಿದು ಇಳಿಸಿದಳು. ಹತ್ತೂವರೆಗೆ ಗಂಗಕ್ಕ ಕೊಡ ಹೊತ್ತು ಹೊಸಿಲು ದಾಟಿದಳು. ಹಾಲುಕ್ಕಿತು. ಮೂರನೇ ಸಾಲಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದ ನಾಗೇಶ ಊಟದ ಹೊತ್ತಿಗೆ ತಡೆಯಲಾರದೆ, ಗಂಗಕ್ಕಾ, ಆ ಫೋನಿನ್ಯಾಗ ಖರೇ ಆಗಿದ್ದೇನಂದ್ರ ಎಂದು ಶುರು ಮಾಡಿದ. ಭುವನಾ ಒಂದು ಇಡೀ ಹೋಳಿಗೆ ಮಡಚಿ ತಮ್ಮನ ಬಾಯಿಗೆ ತುರುಕಿದಳು. ಅದು ಇಳಿಯುವಷ್ಟರಲ್ಲಿ ಇನ್ನೊಂದು ಕೈಯಲ್ಲಿ ಸಿದ್ಧವಿತ್ತು.

ಸಂಜೆ ಟ್ರಾಕ್ಟರು ಹೊರಡುವಾಗ ಗಂಗಕ್ಕ ತಮ್ಮನನ್ನು ಬದಿಗೆ ಕರೆದಳು. ಮನೆ ಚಲೋ ಐತಿ, ಗಡಿಯಾರ ಯಾಕ ಇಷ್ಟು ಎಂದು ಕೇಳಿದಳು. ಆಮೇಲೆ ಕಂಬಳಿಯ ಗಂಟು ಅವನ ಕೈಗೆ ಕೊಡುತ್ತ, ಯಾರಿಗೂ ಕೇಳದ ಹಾಗೆ ಅಂದಳು.

"ನಮ್ಮ ಹುಡುಗನ ಫೋನಿಗೂ ಬಂದಿತ್ತು ನಿನ್ನ ಕರಿಯೋಲಿ. ಅದರಾಗ ಹದಿನಾಕು ಅಂತ ಐತಿ. ನನ್ನ ಫೋನಿನ್ಯಾಗ ಖಾಲಿ ಇತ್ತು. ನಾ ನನ್ನ ಫೋನು ನಂಬಿದೆ. ಹಾಲು ಇಡ್ತೀಯೋ, ಕಾಯ್ತೀಯೋ, ನೋಡೂಣಂತ ಅವತ್ತು ಮುಂಜಾನೀಗೇ ಹೇಳಿ ಕಳಿಸಿದೆ."

ಕೊಟ್ರೇಶ ಗಂಟನ್ನು ಎದೆಗವಚಿಕೊಂಡ. ಅವಳು ಟ್ರೇಲರು ಹತ್ತಿ ಕೂತು, ಮುಂದಿನ ತಿಂಗಳು ಬರ್ತೀನಿ, ದಿನ ನಾನೇ ಹೇಳ್ತೀನಿ ಎಂದು ಕೂಗಿ ಹೇಳಿದಳು.

ಎರಡು ದಿನ ಬಿಟ್ಟು ವಾರ್ಡು ಕಚೇರಿಯಿಂದ ಹರಿತಾ ಬಂದಳು. ಕೊಟ್ರೇಶ ಏಣಿಯ ಪಕ್ಕ ನಿಂತಿದ್ದ. ಆ ಒಂಬತ್ತರ ಬಾಲವನ್ನು ಒಂದಿಷ್ಟೇ ಇಷ್ಟು ತಿದ್ದೋಣವೇ ಎಂದು ಬೆಳಗಿನಿಂದ ಏಣಿ ಹತ್ತಿ ಇಳಿದು ಮಾಡಿ, ಕೊನೆಗೆ ಕುಂಚ ತೊಳೆದು ಡಬ್ಬಿಯಲ್ಲಿಟ್ಟಿದ್ದ. ಹರಿತಾ ತಲೆಯೆತ್ತಿ ಬಾಗಿಲ ಮೇಲೆ ನೋಡಿದಳು, ಏನೂ ಕೇಳದೆ ಹತ್ತೊಂಬತ್ತು ಎಂದು ಟ್ಯಾಬಿನಲ್ಲಿ ಒತ್ತಿದಳು. ಅದು ಕೆಂಪಗಾಗಲಿಲ್ಲ.

"ಇವು ಅಂಕಿ ಹೌದಲ್ಲಮ್ಮ?" ಎಂದು ಕೊಟ್ರೇಶ ಕೇಳಿದ.

"ಅವುನಂಡಿ," ಎಂದು ಹರಿತಾ ಹೌದೆಂಬಂತೆ ತಲೆಯಾಡಿಸಿದಳು. ಇನ್ನೊಮ್ಮೆ ಮೇಲೆ ನೋಡಿ, ಇದನ್ನು ಬರೆದವರು ಯಾರು ಎಂದು ಸ್ವಲ್ಪ ಅನುಮಾನದಿಂದಲೇ ಕೇಳಿದಳು.

ನಂಬರ್ ಕೊಟ್ರೇಶ ಎದೆ ಸೆಟೆಸಿ, ನಮ್ಮಕ್ಕ ಎಂದ.